ಹಿರಿಯಣ್ಣನೇ ಪಾಲು ಕೇಳಿದ ಮನೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಮಂಜು,

ಸೋವಿಯತ್ ಒಕ್ಕೂಟ ಒಡೆಯದೆ ಉಳಿದಿದ್ದರೆ ಅಂತ ನೀನು ಬರೆದು ಕಳಿಸಿದ ಕಥೆ ಓದಿದೆ. ಎರಡು ಸಲ. ಮೊದಲ ಸಲ ಸುಮ್ನೆ ಖುಷಿಗೆ, ಎರಡನೇ ಸಲ ಜಗಳಕ್ಕೆ. ಉತ್ತರವನ್ನು ಎಲ್ಲರೂ ಓದುವ ಹಾಗೆ ಹಾಕು ಅಂದವನು ನೀನೇ. ಆಮೇಲೆ ಮುನಿಸಿಕೊಳ್ಳಬೇಡ.

ನಮ್ಮಿಬ್ಬರಿಗೂ ಆ ದೇಶದ ಹುಚ್ಚು ಹತ್ತಿದ್ದು ನೋಟ್‌ಬುಕ್ಕಿನ ಬೈಂಡಿನಿಂದ ಅಲ್ವಾ? ಶಾಲೆ ಶುರುವಾಗುವ ಹೊತ್ತಿಗೆ ನಿಮ್ಮಪ್ಪ ಕನ್ನಡದ ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ಪಿನ್ನು ಬಿಚ್ಚಿ, ಹಾಳೆ ಹಾಳೆ ಬಿಡಿಸಿ, ನಮ್ಮ ಪುಸ್ತಕಗಳಿಗೆಲ್ಲ ಹೊದಿಕೆ ಹಾಕಿಕೊಡುತ್ತಿದ್ದರು. ನನ್ನ ಗಣಿತದ ಮೇಲೆ ಟ್ರ್ಯಾಕ್ಟರ್, ನಿನ್ನ ಸಮಾಜದ ಮೇಲೆ ಗೋಧಿ ಹೊಲದಲ್ಲಿ ನಗುತ್ತ ನಿಂತ ಹೆಂಗಸು. ಮಳೆಯಲ್ಲಿ ನೆಂದರೂ ಆ ನುಣುಪು ಕಾಗದ ಬೇಗ ಹರಿಯುತ್ತಿರಲಿಲ್ಲ. ನಾವು ಹೈಸ್ಕೂಲಿಗೆ ಬರುವಷ್ಟರಲ್ಲಿ ಪತ್ರಿಕೆ ಬರುವುದು ನಿಂತಿತು. ‘ದೇಶವೇ ಇಲ್ಲವಂತೆ’ ಅಂದರು ನಿಮ್ಮಪ್ಪ. ಆ ವರ್ಷ ನ್ಯೂಸ್‌ಪೇಪರಿನ ಬೈಂಡು.

ಸರಿ, ಕಥೆಗೆ ಬರುತ್ತೇನೆ. ನಿನ್ನ ಕಥೆಯಲ್ಲಿ 1991ರ ಆಗಸ್ಟ್ 19ರಂದು ಸೋವಿಯತ್ ಅಧ್ಯಕ್ಷ ಗೋರ್ಬಚೇವ್‌ರನ್ನು ಕೆಳಗಿಳಿಸಲು ಮಾಸ್ಕೋಗೆ ಟ್ಯಾಂಕುಗಳು ಬರುವುದಿಲ್ಲ. ಮಾರನೇ ದಿನ ಗೋರ್ಬಚೇವ್ ಹೊಸ ಒಕ್ಕೂಟದ ಒಪ್ಪಂದಕ್ಕೆ ಸಹಿ ಹಾಕಿಸುತ್ತಾರೆ. ದೂರ ಸರಿದಿದ್ದ ಗಣರಾಜ್ಯಗಳೂ ಒಂದೊಂದಾಗಿ ಮರಳಿ ಬಂದು ಸೇರುತ್ತವೆ. ಹಂದರ ಚೆನ್ನಾಗಿದೆ. ಆದರೆ ಟ್ಯಾಂಕು ನಿಲ್ಲಿಸಲು ಗುಪ್ತಚರ ಸಂಸ್ಥೆ ಕೆಜಿಬಿಯ ಮುಖ್ಯಸ್ಥನಿಗೆ ಹೃದಯಾಘಾತ ಮಾಡಿಸಿದ್ದೀಯಲ್ಲ, ಮಾರಾಯಾ, ಇದಕ್ಕಿಂತ ಚೆಂದದ್ದು ನಿಜದಲ್ಲೇ ಇದೆ.

ಆ ಜುಲೈ ಕೊನೆಯಲ್ಲಿ ಮಾಸ್ಕೋ ಹೊರಗಿನ ನೊವೊ-ಒಗರ್ಯೊವೊ ಬಂಗಲೆಯಲ್ಲಿ ಗೋರ್ಬಚೇವ್, ರಷ್ಯಾದ ಅಧ್ಯಕ್ಷ ಯೆಲ್ಟ್ಸಿನ್, ಕಜಾಕಿಸ್ತಾನದ ನಜರ್‌ಬಯೇವ್ ಮೂವರೇ ಕೂತು ಮಾತಾಡಿದರು. ಸಹಿ ಆದಮೇಲೆ ಯಾರ್‍ಯಾರನ್ನು ಮನೆಗೆ ಕಳಿಸಬೇಕು ಅನ್ನುವ ಮಾತೂ ಬಂತು. ಕೆಜಿಬಿಯ ಕ್ರ್ಯುಚ್ಕೋವ್ ಹೆಸರಿತ್ತು, ಪ್ರಧಾನಿ ಪಾವ್ಲೋವ್ ಹೆಸರಿತ್ತು. ಯಾರೋ ಕದ್ದು ಕೇಳುತ್ತಿದ್ದಾರೆ ಅಂತ ಯೆಲ್ಟ್ಸಿನ್‌ಗೆ ಗುಮಾನಿ. ಎದ್ದೆದ್ದು ಜಗಲಿಗೆ ಹೋಗಿ ನೋಡಿ ಬರುತ್ತಿದ್ದರು ಅಂತ ಆಮೇಲೆ ಗೋರ್ಬಚೇವ್ ನೆನಪಿಸಿಕೊಂಡಿದ್ದಾರೆ. ಜಗಲಿಯಲ್ಲಿ ಯಾರೂ ಇರಲಿಲ್ಲ, ಕೋಣೆಯೊಳಗೆ ಮೈಕ್ ಇತ್ತು. ಮಾತೆಲ್ಲ ಕ್ರ್ಯುಚ್ಕೋವ್ ಕಿವಿಗೆ ಬಿತ್ತು. ಮೂರು ವಾರಕ್ಕೆ ಟ್ಯಾಂಕು ಬಂತು. ನಿನ್ನ ಕಥೆಯಲ್ಲಿ ಮೂವರೂ ಊಟ ಮುಗಿಸಿ ತೋಟದಲ್ಲಿ ಅಡ್ಡಾಡುತ್ತ ಮಾತಾಡಲಿ, ಸಾಕು. ಯಾರ ಎದೆಯೂ ಒಡೆಯಬೇಕಿಲ್ಲ.

ಹಾಗೇ ಸಹಿಯೂ ಆಯಿತು ಅಂದುಕೋ. ಜಗಳ ಇರುವುದು ಅಲ್ಲಿಂದ ಮುಂದೆ. ಅಂಚಿನ ಗಣರಾಜ್ಯಗಳವರು ಬಿಟ್ಟುಹೋಗಲು ನೋಡಿದರು, ಮಾಸ್ಕೋ ಹಿಡಿದಿಟ್ಟುಕೊಳ್ಳಲು ಹೆಣಗಿತು ಅಂತ ಬರೆದಿದ್ದೀಯ. 1940ರಲ್ಲಿ ಬಲವಂತವಾಗಿ ಸೇರಿಸಿಕೊಂಡ ಬಾಲ್ಟಿಕ್ ನಾಡುಗಳ ಮಟ್ಟಿಗೆ ಇದು ಸರಿ. ಆದರೆ ನಮ್ಮೂರಲ್ಲಿ ದೊಡ್ಡ ಮನೆಗಳು ಪಾಲಾದದ್ದನ್ನು ನೀನೂ ನೋಡಿದ್ದೀಯಲ್ಲ. ಕಿರಿಯವನು ಮುನಿಸಿಕೊಂಡು ಹೊರಟರೆ ಮನೆ ಹೇಗೋ ನಿಲ್ಲುತ್ತದೆ. ಹಿರಿಯಣ್ಣನೇ ‘ನನ್ನ ಪಾಲು ಕೊಡಿ’ ಅಂದರೆ? 1990ರ ಜೂನ್ 12ರಂದು ಒಕ್ಕೂಟದ ಗಣರಾಜ್ಯಗಳಲ್ಲೆಲ್ಲ ದೊಡ್ಡದಾದ ರಷ್ಯಾವೇ ತಾನು ಸಾರ್ವಭೌಮ, ಒಕ್ಕೂಟದ ಕಾನೂನಿಗಿಂತ ತನ್ನ ಕಾನೂನು ಮೇಲು ಅಂತ ಘೋಷಿಸಿಬಿಟ್ಟಿತು. ನಮ್ಮ ಎಣ್ಣೆ, ನಮ್ಮ ಗ್ಯಾಸು, ತಿನ್ನುವವರು ಇನ್ಯಾರೋ ಅನ್ನುವ ಗೊಣಗಾಟ ಅಲ್ಲಿ ಜೋರಾಗಿತ್ತು. ಜೂನ್ 12 ಇವತ್ತಿಗೂ ಅಲ್ಲಿ ಸರ್ಕಾರಿ ರಜೆ. ಯಾರಿಂದ ಬಿಡುಗಡೆ ಸಿಕ್ಕಿತು ಅಂತ ಅಲ್ಲಿಯವರೇ ತಮಾಷೆ ಮಾಡುತ್ತಾರೆ. ಇನ್ನು ಬಿಟ್ಟುಹೋಗುವ ಹಕ್ಕು 1977ರ ಸಂವಿಧಾನದ 72ನೇ ವಿಧಿಯಲ್ಲೇ ಇತ್ತು. ಯಾರೂ ಬಳಸಲಾರರು ಅನ್ನುವ ಧೈರ್ಯದ ಮೇಲೆ ಬರೆದಿಟ್ಟ ಸಾಲು. ನಮ್ಮ ಸಂವಿಧಾನದಲ್ಲಿ ಅಂಥ ಸಾಲೇ ಇಲ್ಲ ನೋಡು.

ಎಲ್ಲೂ ಬರದ ಇನ್ನೊಂದು ವಿಷಯ ದುಡ್ಡು. ನಮ್ಮ 2016ರ ನವೆಂಬರ್ ನೆನಪಿದೆ ತಾನೇ? ಅದೇ ಪಾವ್ಲೋವ್ 1991ರ ಜನವರಿ 22ರ ರಾತ್ರಿ ಟಿವಿ ವಾರ್ತೆಯಲ್ಲಿ 50 ಮತ್ತು 100 ರೂಬಲ್ ನೋಟು ರದ್ದು ಅಂತ ಹೇಳಿಸಿದರು. ಬದಲಾಯಿಸಿಕೊಳ್ಳಲು ಮೂರೇ ದಿನ, ಅದಕ್ಕೂ ಮಿತಿ. ಏಪ್ರಿಲ್‌ನಲ್ಲಿ ಅಂಗಡಿ ಬೆಲೆ ಏರಿಸಿದರು. ದಿಂಬಿನ ಕೆಳಗೆ ಕೂಡಿಟ್ಟ ಗಂಟು ಕಾಗದವಾದ ಮೇಲೆ ಆಗಸ್ಟ್‌ನ ಸಹಿಯನ್ನು ಯಾವ ಅಜ್ಜಿ ನಂಬುತ್ತಾಳೆ? ನಿನ್ನ ಕಥೆಯಲ್ಲಿ ಒಬ್ಬರೂ ಕ್ಯೂನಲ್ಲಿ ನಿಲ್ಲುವುದಿಲ್ಲ. ಅದೊಂದು ನನಗೆ ತುಂಬಾ ಚುಚ್ಚಿತು.

ಇನ್ನು ಉಕ್ರೇನ್. ಮಾರ್ಚ್ 17ರ ಮತದಾನದಲ್ಲಿ ಹೊಸ ರೂಪದ ಒಕ್ಕೂಟ ಇರಲಿ ಅಂತ ಅಲ್ಲಿ ಮತ ಹಾಕಿದವರಲ್ಲಿ ಸುಮಾರು ನೂರಕ್ಕೆ 70 ಜನ ಅಂದಿದ್ದು ನಿಜ. ಆರು ಗಣರಾಜ್ಯಗಳ ಸರ್ಕಾರಗಳು ಆ ಮತದಾನವನ್ನೇ ನಡೆಸಲಿಲ್ಲ, ಅದು ಬೇರೆ. ಆದರೆ ಡಿಸೆಂಬರ್ 1ರಂದು ಅದೇ ಉಕ್ರೇನಿನಲ್ಲಿ ಸ್ವಾತಂತ್ರ್ಯಕ್ಕೆ ನೂರಕ್ಕೆ 90ಕ್ಕೂ ಹೆಚ್ಚು. ಪೂರ್ವದವರು ಒಕ್ಕೂಟ ಬೇಕು ಅಂತ ಬೀದಿಗಿಳಿಯುವ ಹಾಗೆ ಬರೆದಿದ್ದೀಯಲ್ಲ, ಡೊನೆಟ್ಸ್ಕ್‌ನಲ್ಲೂ ನೂರಕ್ಕೆ 80ಕ್ಕಿಂತ ಜಾಸ್ತಿ ಬಿದ್ದಿತ್ತು. ಕ್ರಿಮಿಯಾದಲ್ಲೂ ಅರ್ಧ ದಾಟಿತ್ತು. ಟ್ಯಾಂಕು ನೋಡಿದ ಮೇಲೆ ಮನಸ್ಸು ಬದಲಾಯಿತು ಅಂತ ನೀನು ಅನ್ನಬಹುದು. ಅರ್ಧ ಒಪ್ಪುತ್ತೇನೆ. ಆದರೆ ಆಗಸ್ಟ್ 20ಕ್ಕೆ ಸಹಿ ಹಾಕಲು ಉಕ್ರೇನಿನ ನಾಯಕ ಕ್ರಾವ್ಚುಕ್ ಮೊದಲೂ ಒಪ್ಪಿರಲಿಲ್ಲ. ಉಕ್ರೇನ್ ಇಲ್ಲದ ಒಕ್ಕೂಟ ಯೆಲ್ಟ್ಸಿನ್‌ಗೂ ಬೇಡವಾಗಿತ್ತು.

ಮತ್ತೆ ಕೂಡಿಕೊಳ್ಳುವ ಭಾಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1996ರಲ್ಲಿ ರಷ್ಯಾದ ಸಂಸತ್ತಿನ ಕೆಳಮನೆ ಡೂಮಾ ‘ಒಕ್ಕೂಟ ಮುರಿದದ್ದೇ ರದ್ದು’ ಅಂತ ನಿರ್ಣಯ ಮಾಡಿತು, ಏನೂ ಆಗಲಿಲ್ಲ. 1999ರ ಡಿಸೆಂಬರ್ 8ರಂದು ರಷ್ಯಾ, ಬೆಲಾರುಸ್ ‘ಒಕ್ಕೂಟ ರಾಜ್ಯ’ದ ಒಪ್ಪಂದ ಮಾಡಿಕೊಂಡವು. ಅದಕ್ಕೊಂದು ನೋಟು ಇವತ್ತಿಗೂ ಅಚ್ಚಾಗಿಲ್ಲ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದ ಮೇಲಂತೂ ಆ ನೆಂಟಸ್ತಿಕೆಯ ಮಾತೇ ಎತ್ತುವ ಹಾಗಿಲ್ಲ. ಆ ಅಧ್ಯಾಯ ತೆಗೆದುಬಿಡು. ಕಥೆಗೆ ನಷ್ಟವಿಲ್ಲ.

ಅದರ ಬದಲು ಒಂದು ಕೊಡುತ್ತೇನೆ. 1991ರ ಡಿಸೆಂಬರ್ 8, ಭಾನುವಾರ. ಬೆಲಾರುಸಿನ ಕಾಡಿನ ನಡುವೆ ವಿಸ್ಕುಲಿ ಅನ್ನುವ ಬೇಟೆ ಬಂಗಲೆ. ಯೆಲ್ಟ್ಸಿನ್, ಕ್ರಾವ್ಚುಕ್, ಬೆಲಾರುಸಿನ ನಾಯಕ ಶುಷ್ಕೆವಿಚ್ ಸೇರಿ ಪಾಲುಪತ್ರ ಬರೆಯಲು ಕೂತಿದ್ದಾರೆ. ಟೈಪ್ ಮಾಡುವವರು ಒಬ್ಬರೂ ಇಲ್ಲ! ಕೊನೆಗೆ ಅಭಯಾರಣ್ಯದ ಆಫೀಸಿನ ಟೈಪಿಸ್ಟ್ ಹೆಂಗಸನ್ನು ಕರೆತಂದರು. ಸೋವಿಯತ್ ಒಕ್ಕೂಟ ಇನ್ನಿಲ್ಲ ಅನ್ನುವ ಸಾಲನ್ನು ಕುಟ್ಟಿದ್ದು ಆಕೆ.

ನಿನ್ನ ಕಥೆಯಲ್ಲಿ ಆ ಭಾನುವಾರ ಆಕೆಯ ಮನೆ ಬಾಗಿಲು ಯಾರೂ ತಟ್ಟುವುದಿಲ್ಲ. ಆ ಚಳಿಗೆ ಆಕೆಯ ಮನೆಯಲ್ಲಿ ಏನಿತ್ತು, ಸಕ್ಕರೆಯ ಕೂಪನ್ನು ಮುಗಿದಿತ್ತಾ, ರದ್ದಾದ 50ರ ನೋಟು ಒಂದಾದರೂ ಟ್ರಂಕಿನಲ್ಲಿ ಉಳಿದಿತ್ತಾ, ಅಲ್ಲಿಂದ ಶುರು ಮಾಡು. ಮೊದಲ ಓದು ನನಗೇ.

ನಿಮ್ಮಪ್ಪನಿಗೆ ನಮಸ್ಕಾರ ಹೇಳು. ಅಟ್ಟದ ಮೇಲೆ ಹಳೇ ಸಂಚಿಕೆ ಏನಾದರೂ ಉಳಿದಿವೆಯಾ, ಕೇಳಿ ನೋಡು. ಟ್ರ್ಯಾಕ್ಟರ್ ಇರುವುದು ಸಿಕ್ಕಿದರೆ ಅದು ನನ್ನದು.

ನಿನ್ನ,
ಸುರೇಶ