ಕೌದಿಗೆ ಇನ್ನು ಹತ್ತಿಯ ಬಟ್ಟೆ ಮಾತ್ರ: ಗ್ರಾಹಕರಲ್ಲಿ ವಿನಂತಿ

ಮಾನ್ಯ ಗ್ರಾಹಕರೇ,

ಸಪ್ರೇಮ ನಮಸ್ಕಾರಗಳು. ಮನೆಯಲ್ಲಿ ಉಡದೆ ಬಿಟ್ಟ ಸೀರೆ, ಧೋತರ, ಅಂಗಿಗಳನ್ನು ನಮ್ಮ ಮಹಿಳಾ ಸಹಕಾರ ಸಂಘಕ್ಕೆ ತಂದುಕೊಟ್ಟು ಕೌದಿ, ದಿಂಬಿನ ಗವಸು, ಬಾಗಿಲ ತೋರಣಗಳನ್ನು ಹೊಲಿಸಿಕೊಳ್ಳುತ್ತ ಬಂದಿದ್ದೀರಿ. ಬರುವ ತಿಂಗಳ 1ನೇ ತಾರೀಖಿನಿಂದ ಕೌದಿಗೆ ನಾವು ಹತ್ತಿಯ ಬಟ್ಟೆಯನ್ನು ಮಾತ್ರ ತೆಗೆದುಕೊಳ್ಳುತ್ತೇವೆ. ಪಾಲಿಯೆಸ್ಟರ್, ರೇಷ್ಮೆ, ಜರಿಯ ಬಟ್ಟೆಗಳನ್ನು ಹಿಂದಕ್ಕೆ ಕಳಿಸುವುದಿಲ್ಲ. ಅವುಗಳಿಂದ ಗವಸು ಮತ್ತು ತೋರಣ ಹೊಲಿದುಕೊಡುತ್ತೇವೆ.

ಕಳೆದ ಮಳೆಗಾಲದಲ್ಲಿ ನಾವೇ ಹೊಲಿದ ಕೌದಿಯೊಂದು ಮೂರೇ ಒಗೆತಕ್ಕೆ ಹರಿದು ನಮ್ಮಲ್ಲಿಗೆ ಮರಳಿತು. ಬಿಡಿಸಿ ನೋಡಿದರೆ ಪಾಲಿಯೆಸ್ಟರ್ ತುಂಡುಗಳು ಹೊಸದರಂತೆಯೇ ಇದ್ದವು. ಅವುಗಳ ಪಕ್ಕದ ಮೆತ್ತನೆಯ ಹಳೆಯ ಹತ್ತಿ ಮಾತ್ರ ಹೊಲಿಗೆಯ ಗುಂಟ ಗೆರೆ ಎಳೆದಂತೆ ಸೀಳಿತ್ತು. ಗಟ್ಟಿ ಬಟ್ಟೆಯನ್ನು ಸವೆದ ಬಟ್ಟೆಗೆ ಜೋಡಿಸಿದಾಗ, ನೀರು ಕುಡಿದು ಭಾರವಾದ ಕೌದಿಯನ್ನು ಹಿಂಡುವಾಗಿನ ಎಳೆತವೆಲ್ಲ ಸವೆದದ್ದರ ಮೇಲೆಯೇ ಬೀಳುತ್ತದೆ. ಆ ಕೌದಿಯನ್ನು ಹಣ ಪಡೆಯದೆ ಮತ್ತೆ ಹೊಲಿದುಕೊಟ್ಟೆವು, ಆದರೆ ಹರಿದುಹೋದ ಹಳೆಯ ಸೀರೆಯನ್ನು ಮರಳಿ ತರಲು ನಮ್ಮಿಂದಾಗಲಿಲ್ಲ. ಆ ನೋವು ನಮಗೆ ಇಂದಿಗೂ ಇದೆ. ಇದಲ್ಲದೆ ನುಣುಪಾದ ಬಟ್ಟೆ ಪದರಗಳ ನಡುವೆ ಜಾರಿ ಗಂಟುಗಟ್ಟುತ್ತದೆ, ಪಾಲಿಯೆಸ್ಟರ್ ಅಂತೂ ಬೆವರನ್ನೂ ಹೀರುವುದಿಲ್ಲ. ಕೂಸುಗಳನ್ನು ಮಲಗಿಸುವ ಕೌದಿಗೆ ಇದು ಸಲ್ಲದು.

ಇಳಕಲ್ ಸೀರೆಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಒಡಲು ಹತ್ತಿಯದಾಗಿದ್ದರೂ ಅದರ ಕೆಂಪು ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಆಗಿರುತ್ತದೆ. ನೇಕಾರರು ಎರಡರ ಎಳೆಗಳನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೊಂಡಿಯ ಸಾಲಿಗೆ ಕತ್ತರಿ ತಾಗಿದರೆ ಎಳೆಗಳು ಬಿಚ್ಚಿಕೊಳ್ಳುವುದರಿಂದ, ಇನ್ನು ಮುಂದೆ ನಾಲ್ಕು ಬೆರಳು ಬಿಟ್ಟು ಒಡಲಿನ ಕಡೆಗೆ ಕತ್ತರಿಸಿ, ಒಡಲನ್ನು ಕೌದಿಗೂ ಸೆರಗನ್ನು ದಿಂಬಿನ ಗವಸಿಗೂ ಬಳಸುತ್ತೇವೆ. ಕೆಂಪಿನ ಮೇಲಿನ ಬಿಳಿಯ ತೆನೆಗಳು ಗವಸಿನ ನಟ್ಟನಡುವೆ ಬಂದಾಗ ಕಾಣುವ ಚೆಲುವು ಕೌದಿಯ ತುಂಡುಗಳ ನಡುವೆ ಕಳೆದುಹೋಗುತ್ತಿತ್ತೆಂದೇ ನಮ್ಮ ಹೊಲಿಗೆಯವರ ಅಭಿಪ್ರಾಯ. ಗುಳೇದಗುಡ್ಡದ ಖಣದ ಹಳೆಯ ಕುಪ್ಪಸಗಳಿಂದ ತೋರಣ ಮಾಡಿಕೊಡುತ್ತೇವೆ. ಬೆನ್ನಿನ ಭಾಗ ಸಾಮಾನ್ಯವಾಗಿ ಸವೆದಿರುವುದಿಲ್ಲ.

ಬಟ್ಟೆ ಯಾವುದೆಂದು ತಿಳಿಯದಿದ್ದರೆ ಅಂಚಿನಿಂದ ಒಂದೆರಡು ಎಳೆ ತೆಗೆದು, ಇಕ್ಕಳದಲ್ಲಿ ಹಿಡಿದು ಜಾಗ್ರತೆಯಿಂದ ಸುಟ್ಟು ನೋಡಬಹುದು. ಹತ್ತಿ ಸುಟ್ಟ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಂತಾಗುತ್ತದೆ. ಸಂದೇಹವಿದ್ದರೆ ಹಾಗೆಯೇ ತನ್ನಿ, ನಿಮ್ಮೆದುರಿಗೇ ಪರೀಕ್ಷಿಸುತ್ತೇವೆ.

ಹೊಲಿಗೆಯ ದರದಲ್ಲಿ ಬದಲಾವಣೆಯಿಲ್ಲ. ಈಗಾಗಲೇ ಒಪ್ಪಿಕೊಂಡ ಕೌದಿಗಳಲ್ಲಿ ಮಿಶ್ರ ಬಟ್ಟೆಯಿದ್ದರೆ, ನಿಮ್ಮನ್ನು ಕೇಳದೆ ಒಂದು ತುಂಡನ್ನೂ ಬೇರ್ಪಡಿಸುವುದಿಲ್ಲ. ಬಟ್ಟೆಗಳನ್ನು ಒಗೆದು ಒಣಗಿಸಿ ತನ್ನಿ. ತಾಯಿಯದೋ ಅಜ್ಜಿಯದೋ ಸೀರೆಯಾಗಿದ್ದು, ಅದರ ಯಾವುದಾದರೂ ಭಾಗ ಮೇಲೆಯೇ ಕಾಣಬೇಕೆಂಬ ಆಸೆ ನಿಮಗಿದ್ದರೆ, ಅದನ್ನು ಚೀಟಿಯಲ್ಲಿ ಬರೆದು ಆ ಜಾಗಕ್ಕೇ ಪಿನ್ನು ಹಾಕಿ ಕೊಡಬೇಕಾಗಿ ವಿನಂತಿ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ