ಎಲ್ಲಿಂದ ಅಳೆಯುತ್ತಿದ್ದೀ?

ಡೊಂಬಿವಲಿ, ಭಾನುವಾರ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ಪುಣೆಯಿಂದ ನೀನು ಕಳಿಸಿದ ಫಿಸಿಕ್ಸ್ ಉತ್ತರಪತ್ರಿಕೆಯ ಫೋಟೋ ಕನ್ನಡಕ ಏರಿಸಿಕೊಂಡು ಎರಡು ಸಲ ನೋಡಿದೆ. ಸೂತ್ರಗಳೆಲ್ಲ ಬಾಯಿಪಾಠ, ಸಂತೋಷ. ಆದರೆ ಒಂದೇ ಒಂದು ಲೆಕ್ಕಕ್ಕೂ ಚಿತ್ರ ಬರೆದಿಲ್ಲವಲ್ಲೇ! ಫ್ಯಾನು ನಿಮಿಷಕ್ಕೆ 300 ಸುತ್ತು ಅಂದರೆ ಸೆಕೆಂಡಿಗೆ 31.4 ರೇಡಿಯನ್. ನೀನು 300 ಅನ್ನೇ ಒಮೆಗಾ, ಅಂದರೆ ಸೆಕೆಂಡಿಗೆ ಇಷ್ಟು ರೇಡಿಯನ್ ಅನ್ನೋ ತಿರುಗುವ ವೇಗ, ಅಂತ ಹಾಕಿದ್ದೀ. ಅದು ಅವಸರದ ತಪ್ಪು, ಬೈಯೋದಿಲ್ಲ.

ಇಳಿಜಾರಿನಲ್ಲಿ ಉರುಳುವ ಸಿಲಿಂಡರಿನ ಲೆಕ್ಕ ನೋಡಿ ಮಾತ್ರ ಬೇಜಾರಾಯಿತು. ಘರ್ಷಣೆ ಎಷ್ಟು ಅಂತ ಹುಡುಕುತ್ತ ಒಂದು ಪುಟ ತುಂಬಿಸಿದ್ದೀ. ಟಾರ್ಕ್, ಅಂದರೆ ಬಲ ತಿರುಗಿಸೋ ಪರಿಣಾಮ, ಬರೆಯೋ ಮೊದಲು ಯಾವ ಬಿಂದುವಿನ ಸುತ್ತ ಅಂತ ಗಟ್ಟಿ ಮಾಡಿಕೋ. ಸಿಲಿಂಡರು ಹಲಗೆ ಮುಟ್ಟೋ ಬಿಂದುವನ್ನೇ ಹಿಡಿದರೆ ಘರ್ಷಣೆಯ ಟಾರ್ಕ್ ಸೊನ್ನೆ, ಅದರ ಗೊಡವೆಯೇ ಬೇಡ. ಉಳಿಯೋದು ತೂಕದ ಟಾರ್ಕ್ ಒಂದೇ. ಆಗ ಇನರ್ಷಿಯಾಕ್ಕೆ (ತಿರುಗೋದಕ್ಕೆ ಒಡ್ಡೋ ಜಡತ್ವಕ್ಕೆ) ಎಂ ಆರ್ ಸ್ಕ್ವೇರ್, ಅಂದರೆ ದ್ರವ್ಯರಾಶಿ ಗುಣಿಸು ತ್ರಿಜ್ಯದ ವರ್ಗ, ಕೂಡಿಸಬೇಕು, ಮರೀಬೇಡ. ಎರಡು ಸಾಲಿಗೆ ಉತ್ತರ ಬರುತ್ತೆ: ಘನ ಸಿಲಿಂಡರಿನ ವೇಗೋತ್ಕರ್ಷ ಜಿ ಸೈನ್ ಥೀಟಾದ (ಜಿ ಗುರುತ್ವದ್ದು, ಥೀಟಾ ಇಳಿಜಾರಿನ ಕೋನ) ಮೂರರಲ್ಲಿ ಎರಡು ಪಾಲು, ತೆಳು ಕೊಳವೆಯದು ಅರ್ಧ.

ನಿನ್ನೆ ಅಡುಗೆಮನೆಯಿಂದ ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬಿ ತಂದೆ. ಒಂದಕ್ಕೆ ರವೆ ಕುಟ್ಟಿ ತುಂಬಿ, ಮುಚ್ಚಳಕ್ಕೆ ಟೇಪ್ ಹಚ್ಚಿ, ಹಲಗೆ ಓರೆ ಇಟ್ಟು ಎರಡನ್ನೂ ಒಟ್ಟಿಗೆ ಬಿಟ್ಟೆ. ರವೆ ಡಬ್ಬಿಯೇ ಮೊದಲು. ಭಾರ ಅಂತಲ್ಲ, ಭಾರ ಲೆಕ್ಕದಲ್ಲಿ ಹೊಡೆದುಹೋಗುತ್ತೆ. ಖಾಲಿ ಡಬ್ಬಿಯ ತೂಕ ಬಹುಪಾಲು ಅಂಚಿನಲ್ಲಿದೆ, ಅದಕ್ಕೇ ಅದು ಹಿಂದೆ ಬೀಳೋದು. (ತಳ, ಮುಚ್ಚಳ ಇರೋದರಿಂದ ಸರಿಯಾಗಿ ಅರ್ಧ ಸಿಗೋದಿಲ್ಲ.) ಎರಡನೇ ಸಲ ಟೇಪ್ ಕಿತ್ತು ಹಾಲ್ ತುಂಬ ರವೆ. ದೊಡ್ಡಮ್ಮ ಇನ್ನೂ ಮಾತಾಡಿಲ್ಲ.

ವಿದ್ಯುತ್ತಿನ ಪೊಟೆನ್ಷಿಯಲ್‌ನಲ್ಲೂ (ವೋಲ್ಟಿನಲ್ಲಿ ಅಳೆಯೋದು) ಮೊದಲ ಪ್ರಶ್ನೆ ಅದೇ, ಎಲ್ಲಿಂದ ಅಳೆಯೋದು: ಸೊನ್ನೆ ಎಲ್ಲಿಟ್ಟೆ? ನಾನು ರೈಲ್ವೆ ಕಾರ್ ಶೆಡ್ಡಿಗೆ ಸೇರಿದಾಗ ಲೋಕಲ್ ರೈಲಿನ ತಂತಿಯಲ್ಲಿ 1500 ವೋಲ್ಟ್ ಡಿಸಿ, ಈಗ 25,000 ವೋಲ್ಟ್ ಎಸಿ. ಕಾಗೆ ಆಗಲೂ ಕೂರುತ್ತಿತ್ತು, ಈಗಲೂ ಕೂರುತ್ತೆ. 25,000 ಅನ್ನೋದು ಹಳಿಯಿಂದ ಅಳೆದದ್ದು, ಕಾಗೆಯ ಎರಡು ಕಾಲಿನ ನಡುವೆ ಅಳೆದದ್ದಲ್ಲ. ತಂತಿ ಮೇಲೆ ಕೂತೇ ರೆಕ್ಕೆ ಕಂಬಕ್ಕೆ ತಾಗಿಸಿದರೆ ಕಥೆ ಮುಗೀತು.

ಕೊನೇ ಲೆಕ್ಕದಲ್ಲಿ 20 ಸೆಂಟಿಮೀಟರ್ ಅಂತರದಲ್ಲಿ ಪ್ಲಸ್ 2, ಮೈನಸ್ 2 ಮೈಕ್ರೋಕೂಲಂಬ್. ನಟ್ಟನಡುವೆ ಪೊಟೆನ್ಷಿಯಲ್ ಸೊನ್ನೆ ಅಂತ ಸರಿಯಾಗಿ ಬರೆದು, ಅಲ್ಲಿಟ್ಟ ಚಾರ್ಜಿನ ಮೇಲೆ ಬಲವೂ ಸೊನ್ನೆ ಅಂದುಬಿಟ್ಟೆ. ನಾನೂ ರಾತ್ರಿ ಕಾಲೇಜಿನಲ್ಲಿ ಇದನ್ನೇ ಬರೆದು ಮಾರ್ಕು ಕಳೆದುಕೊಂಡವನು. ಪೊಟೆನ್ಷಿಯಲ್ ಗಲ್ಲಾಪೆಟ್ಟಿಗೆ ಲೆಕ್ಕದ ಹಾಗೆ: 1,80,000 ವೋಲ್ಟ್ ಜಮಾ, 1,80,000 ಖರ್ಚು, ಉಳಿಕೆ ಸೊನ್ನೆ. ಫೀಲ್ಡಿಗೆ, ಅಂದರೆ ಒಂದು ಕೂಲಂಬ್ ಚಾರ್ಜಿನ ಮೇಲೆ ಬೀಳೋ ಬಲಕ್ಕೆ, ದಿಕ್ಕಿದೆ. ಪ್ಲಸ್ ದೂಡುತ್ತೆ, ಮೈನಸ್ ಎಳೆಯುತ್ತೆ, ಎರಡೂ ಒಂದೇ ಕಡೆಗೆ. ಕೂಡಿದರೆ ಕೂಲಂಬಿಗೆ 36 ಲಕ್ಷ ನ್ಯೂಟನ್. ಬಾಣ ಎಳೆದಿದ್ದರೆ ನಿನಗೇ ಕಾಣುತ್ತಿತ್ತು.

ಇವೆರಡೇ ಲೆಕ್ಕ ಮತ್ತೆ ಮಾಡಿ, ಚಿತ್ರ ಸಮೇತ ಕಳಿಸು. ದೀಪಾವಳಿಗೆ ಬರುವಾಗ ಒಂದು ಕಿಲೋ ರವೆ ತಗೊಂಡು ಬಾ, ದೊಡ್ಡಮ್ಮನ ಕೈಗೇ ಕೊಡು.

ಇತಿ,
ನಿನ್ನ ದೊಡ್ಡಪ್ಪ