ಸೋಮವಾರದ ಚರ್ಚೆ: ಬರೆಯುವ ಮೊದಲು ಇದನ್ನೊಮ್ಮೆ ಓದಿ

ಎಲ್ಲರಿಗೂ ನಮಸ್ಕಾರ. ಈ ವಾರದ ಡ್ಯಾನ್ಸ್ ಶೋ ಮತ್ತು ಪ್ರಾಜೆಕ್ಟ್ ರನ್‌ವೇ (ಉಡುಪು ವಿನ್ಯಾಸದ ಟಿವಿ ಸ್ಪರ್ಧೆ) ಕಂತಿನ ಚರ್ಚೆ ಸೋಮವಾರ ರಾತ್ರಿ 9ಕ್ಕೆ. ಬದಿಯಡ್ಕ, ಪೆರ್ಲ ಕಡೆ ಮಳೆ ಬಂದರೆ ಕರೆಂಟು ಹೋಗುವುದು ಗೊತ್ತಿದ್ದದ್ದೇ. ಅಲ್ಲಿನವರೂ ನೋಡಿ ಮುಗಿಸಲಿ. ಅಲ್ಲಿಯವರೆಗೆ ಯಾರು ಔಟ್ ಎಂದು ಇಲ್ಲಿ ಹಾಕಬೇಡಿ, ಸ್ಟೇಟಸ್ಸಿನಲ್ಲೂ ಬೇಡ.

"ಚೆಂದ ಇಲ್ಲ" ಎಂದರೆ ಸಾಲದು. ಎಷ್ಟನೇ ನಿಮಿಷ, ಉಡುಪಿನ ಯಾವ ಭಾಗ ಎಂದು ಮೊದಲು ಬರೆಯಿರಿ. ಉದಾಹರಣೆಗೆ ಗೌನಿನ ಅಂಚು ಏರುಪೇರು ಕಂಡರೆ ಹೊಲಿಗೆಯನ್ನೇ ಬೈಯಬೇಡಿ. ಬಟ್ಟೆಯನ್ನು 45 ಡಿಗ್ರಿ ಓರೆಗೆ ಕತ್ತರಿಸಿದರೆ ಅದು ತನ್ನ ಭಾರಕ್ಕೇ ಜಗ್ಗುತ್ತದೆ. ಒಂದು ರಾತ್ರಿಯಾದರೂ ತೂಗುಹಾಕಿ, ಆಮೇಲೆ ಅಂಚು ಮಡಚಬೇಕು. ಒಂದೇ ದಿನದ ಸವಾಲಿನಲ್ಲಿ ಅಷ್ಟು ಪುರುಸೊತ್ತು ಎಲ್ಲಿ? ಆ ಕಟ್ ಆರಿಸಿದ್ದೇ ತಪ್ಪು. ಜಿಪ್ಪಿನ ಪಕ್ಕ ಸುಕ್ಕು ಬಿದ್ದರೆ ತೆಳು ಬಟ್ಟೆಯನ್ನು ಎಳೆದು ಹೊಲಿದಿರಬಹುದು, ಇಲ್ಲವೇ ಹಿಂದೆ ಪೇಸ್ಟಿಂಗ್ (ಬಟ್ಟೆ ಗಟ್ಟಿ ನಿಲ್ಲಲು ಅಂಟಿಸುವ ಒಳಪದರ) ಕೊಟ್ಟಿರಲಿಕ್ಕಿಲ್ಲ.

ಡ್ಯಾನ್ಸಿನಲ್ಲಿ ಕ್ಯಾಮೆರಾ ಮುಖಕ್ಕೆ ಹೋದಾಗ ಕಾಲು ಕಾಣುವುದಿಲ್ಲ. ಇಡೀ ವೇದಿಕೆ ಕಾಣುವ ಶಾಟ್ ನೋಡಿಯೇ ಹೇಳಿ. ಜಿಗಿದು ಇಳಿಯುವಾಗ ಮೊಣಕಾಲು ಮಣಿಯಿತೇ, ಸಾಲು ಒಡೆಯಿತೇ? ಯಕ್ಷಗಾನದ ಧೀಂಗಿಣ (ಸುತ್ತುತ್ತಾ ಜಿಗಿಯುವ ಕುಣಿತ) ನೋಡಿ ಬೆಳೆದವರಿಗೆ ಇದು ಹೊಸತಲ್ಲ. ಕುಣಿತಕ್ಕೆ ಮೊದಲು ತೋರಿಸುವ ಕಣ್ಣೀರಿನ ವಿಡಿಯೋಕ್ಕೆ ಅಂಕವಿಲ್ಲ!

ಸ್ಪರ್ಧಿಗಳ ಬಣ್ಣ, ಮೈಕಟ್ಟಿನ ಬಗ್ಗೆ ಬರೆದರೆ ಅಳಿಸುತ್ತೇವೆ. ಸೋಮವಾರ ಇರುವವರು ಭಾನುವಾರ ಸಂಜೆಯೊಳಗೆ ಈ ಮೆಸೇಜಿಗೆ ಹೆಬ್ಬೆರಳಿನ ಚಿಹ್ನೆ (👍) ಒತ್ತಿ. ವಾಯ್ಸ್ ಮೆಸೇಜ್ ಒಂದು ನಿಮಿಷ ದಾಟದಿರಲಿ, ದಯವಿಟ್ಟು.